ಹಿಟ್ಟಿನ ಕೋಳಿ, ಜೀವಂತ ಹುಳು

ಮಾಂಸ ಮುಟ್ಟದ ಮನೆಯೊಂದು ಹುಳು ತಿನ್ನುವ ಪ್ರಾಣಿಯನ್ನು ಸಾಕಬಹುದೆ? ಬಹರೈನಿನ ರಿಫಾದಂಥ ಊರಲ್ಲಿ ನೆಲೆಸಿದ ಕನ್ನಡ ಕುಟುಂಬಕ್ಕೆ ಈ ಪ್ರಶ್ನೆ ಎದುರಾಗಲು ಹೆಚ್ಚು ಹೊತ್ತು ಬೇಡ. ಬೇಸಿಗೆಯ ಹಗಲಲ್ಲಿ ಮಕ್ಕಳು ಹೊರಗೆ ಆಡುವಂತಿಲ್ಲ, ಫ್ಲ್ಯಾಟಿನಲ್ಲಿ ನಾಯಿ ಸಾಕುವುದು ಕಷ್ಟ. ಗಾಜಿನ ಪೆಟ್ಟಿಗೆಯಲ್ಲಿ ಸದ್ದಿಲ್ಲದೆ ಕೂರುವ ಬಿಯರ್ಡೆಡ್ ಡ್ರ್ಯಾಗನ್ ಮರಿ ಬೇಕೆಂದು ಮಗು ಹಟ ಹಿಡಿಯುತ್ತದೆ. ಹೆಸರು ಕೇಳಿ ಹೆದರಬೇಕಾಗಿಲ್ಲ, ಅದು ನಮ್ಮ ಬೇಲಿಯ ಓತಿಕ್ಯಾತನ ಕುಟುಂಬದ್ದೇ. ತೇಜಸ್ವಿಯವರ ‘ಕರ್ವಾಲೊ’ ಕಾದಂಬರಿಯ ಹಾರುವ ಓತಿಯೂ ಅರಬ್ ಮರಳುಗಾಡಿನ ಧಬ್ ಎಂಬ ಹಲ್ಲಿಯೂ ಅದರ ದಾಯಾದಿಗಳು. ಧಬ್ ಬಹುಮಟ್ಟಿಗೆ ಸೊಪ್ಪು ತಿಂದೇ ಬದುಕುತ್ತದೆ. ಆದರೆ ಆಸ್ಟ್ರೇಲಿಯಾದ ಒಣನೆಲದ ಬಿಯರ್ಡೆಡ್ ಡ್ರ್ಯಾಗನ್‌ಗೆ, ಅದರಲ್ಲೂ ಎಳೆಯ ಮರಿಗೆ, ಅದು ಆಗದು.

ಬೆಳೆಯುವ ಮರಿಯ ಊಟದಲ್ಲಿ ಸುಮಾರು ಮುಕ್ಕಾಲು ಪಾಲು ಹುಳು, ಕಾಲು ಪಾಲು ಸೊಪ್ಪು. ದೊಡ್ಡದಾದ ಮೇಲೆ ಲೆಕ್ಕ ತಿರುವುಮುರುವಾಗುತ್ತದೆ. ಮರಿಗೆ ದಿನಕ್ಕೆ ಎರಡು ಮೂರು ಸಲ, ಹತ್ತು ಹದಿನೈದು ನಿಮಿಷದಲ್ಲಿ ತಿಂದು ಮುಗಿಸುವಷ್ಟು ಚಿಮ್ಮಂಡೆಯನ್ನೋ ದುಬಿಯಾ ಜಿರಳೆಯನ್ನೋ ಜೀವಂತ ಬಿಡಬೇಕು. ಹುಳುವಿನ ಗಾತ್ರ ಮರಿಯ ಎರಡು ಕಣ್ಣುಗಳ ನಡುವಿನ ಅಂತರವನ್ನು ಮೀರಬಾರದು. ಹುಳುಗಳಲ್ಲಿ ರಂಜಕ ಹೆಚ್ಚು, ಕ್ಯಾಲ್ಸಿಯಂ ಕಡಿಮೆ. ಆದ್ದರಿಂದ ಅವುಗಳ ಮೇಲೆ ಕ್ಯಾಲ್ಸಿಯಂ ಪುಡಿ ಉದುರಿಸಬೇಕು. ಇಲ್ಲದಿದ್ದರೆ ಮರಿಯ ದೇಹ ತನ್ನ ಎಲುಬನ್ನೇ ಕರಗಿಸತೊಡಗುತ್ತದೆ. ದವಡೆ ಮೆತ್ತಗಾಗುತ್ತದೆ, ಕಾಲು ಸೊಟ್ಟಗಾಗುತ್ತದೆ. ಆ ಕ್ಯಾಲ್ಸಿಯಂ ಮೈಗೆ ಹತ್ತಬೇಕಾದರೆ ಯುವಿ-ಬಿ ಕಿರಣ ಬೇಕು. ಹೊರಗೆ ಬಿಸಿಲು ಸುರಿಯುವ ರಿಫಾದಲ್ಲೂ ಅದಕ್ಕಾಗಿ ಬೇರೆ ದೀಪ ಉರಿಸಬೇಕು, ಏಕೆಂದರೆ ಕಿಟಕಿಯ ಗಾಜು ಆ ಕಿರಣವನ್ನು ಒಳಗೆ ಬಿಡುವುದಿಲ್ಲ.

ಇಷ್ಟು ತಿಳಿದಾಗ ಸಸ್ಯಾಹಾರಿ ಮನೆಯಲ್ಲಿ ಎರಡು ಮಾತು ಏಳುತ್ತವೆ. ಹುಳು ಬೇಡ, ಸೊಪ್ಪೇ ಹಾಕೋಣ, ಅಭ್ಯಾಸವಾಗುತ್ತದೆ ಎಂಬುದು ಒಂದು. ಈ ಆಸೆಯ ಬೇರು ನಮ್ಮ ಬಾಲ್ಯದಲ್ಲೇ ಇದೆ. ಪುಣ್ಯಕೋಟಿಯ ಕಥೆಯಲ್ಲಿ ಹುಲಿ ಹಸುವಿನ ಸತ್ಯಕ್ಕೆ ಮನಸೋತು ಪ್ರಾಣವನ್ನೇ ಬಿಡುತ್ತದೆ. ಆ ಕಥೆ ಕಲಿಸುವುದು ಮನುಷ್ಯನಿಗೆ. ಅದನ್ನು ಹಲ್ಲಿಯ ಮೇಲೆ ಹೇರಿದರೆ ಸಾಯುವುದು ಹಲ್ಲಿ, ನೀತಿಯ ಸಮಾಧಾನ ನಮ್ಮದು.

ಇನ್ನೊಂದು, ಒಂದು ಜೀವ ಇನ್ನೊಂದನ್ನು ತಿನ್ನುವುದು ಪ್ರಕೃತಿ ನಿಯಮ, ನಮಗೇನು ಪಾಪ ಎಂಬ ಮಾತು. ಇದನ್ನೂ ನಾನು ಒಪ್ಪಲಾರೆ. ಆ ಪೆಟ್ಟಿಗೆಯಲ್ಲಿ ಪ್ರಕೃತಿ ಎಲ್ಲಿದೆ? ಆಸ್ಟ್ರೇಲಿಯಾ ತನ್ನ ಕಾಡುಪ್ರಾಣಿಗಳ ವ್ಯಾಪಾರಿ ರಫ್ತನ್ನು ದಶಕಗಳ ಹಿಂದೆಯೇ ನಿಲ್ಲಿಸಿದೆ. ಇಂದು ಮಾರಾಟವಾಗುವ ಮರಿಗಳು ಪಂಜರದಲ್ಲಿ ಹುಟ್ಟಿದವುಗಳ ಸಂತಾನ. ಚಿಮ್ಮಂಡೆ ಡಬ್ಬಿಯಲ್ಲಿ ಬೆಳೆದದ್ದು, ಸೂರ್ಯ ವಿದ್ಯುತ್ತಿನದು. ಕಾಡಿನ ಹುಳುವಿಗೆ ಓಡಲು ದಾರಿಯಿದೆ. ಇಲ್ಲಿ ಆ ದಾರಿಯನ್ನು ಮುಚ್ಚಿದ್ದು ನಾವು. ಪ್ರತಿಯೊಂದನ್ನೂ ನಾವೇ ಏರ್ಪಡಿಸಿ ಹೊಣೆ ಮಾತ್ರ ಪ್ರಕೃತಿಯದು ಎನ್ನುವುದು ಸುಳ್ಳು.

ಹಾಗಾದರೆ ಹೊಣೆಯನ್ನು ಅಳೆಯುವುದು ಹೇಗೆ? ಜನ್ನ 1209ರಲ್ಲಿ ಬರೆದ ‘ಯಶೋಧರ ಚರಿತೆ’ ಇಲ್ಲಿ ನೆನಪಾಗುತ್ತದೆ. ತಾಯಿಯ ಒತ್ತಾಯಕ್ಕೆ ಯಶೋಧರ ಹಿಟ್ಟಿನ ಕೋಳಿಯನ್ನು ಬಲಿ ಕೊಡುತ್ತಾನೆ. ಜೀವದ ಕೋಳಿಯನ್ನು ಕೊಯ್ಯಲಿಲ್ಲ, ಆದರೂ ಕೊಲ್ಲುವ ಸಂಕಲ್ಪಕ್ಕಾಗಿ ತಾಯಿ ಮಗ ಜನ್ಮಜನ್ಮ ಪ್ರಾಣಿಗಳಾಗಿ ನೋಯುತ್ತಾರೆ. ಹುಳು ಬಿಡುವ ಕೈಯಲ್ಲಿ ಕೊಲ್ಲುವ ಸಂಕಲ್ಪವಿಲ್ಲ, ಸಾಕುವ ಸಂಕಲ್ಪವಿದೆ. ಅಷ್ಟಕ್ಕೇ ಅದು ನಿರ್ದೋಷಿಯೆ? ಅಲ್ಲ. ಹುಳು ಸಾಯುತ್ತದೆಂದು ಆ ಕೈಗೆ ಗೊತ್ತು. ಆದರೆ ಮಡಿ ಕೆಡಬಾರದೆಂದು ಬರೀ ಸೊಪ್ಪು ಹಾಕುವ ಕೈಗೂ ಮರಿಯ ಎಲುಬು ಸವೆಯುತ್ತದೆಂದು ಗೊತ್ತು. ಮೊದಲನೆಯದು ಇನ್ನೊಂದು ಜೀವ ಉಳಿಯಲೆಂದು ಮಾಡಿದ ಹಿಂಸೆ. ಎರಡನೆಯದು ತನ್ನ ಶುದ್ಧಿಗಾಗಿ, ನಮ್ಮನ್ನು ಬಿಟ್ಟರೆ ಗತಿಯಿಲ್ಲದ ಜೀವಕ್ಕೆ ದಿನದಿನವೂ ಕೊಡುವ ಹಿಂಸೆ. ಎರಡನೆಯದೇ ಘೋರ ಎಂದು ನನ್ನ ನಂಬಿಕೆ. ಅದಕ್ಕೆ ಅಹಿಂಸೆಯ ಹೆಸರು ಕೊಡುವುದನ್ನಂತೂ ಸಹಿಸಲಾರೆ.

ಹುಳುವನ್ನೂ ಮರೆಯುವಂತಿಲ್ಲ. 2022ರ ಬ್ರಿಟನ್ನಿನ ಕಾಯ್ದೆ ಏಡಿ, ಆಕ್ಟೋಪಸ್‌ಗಳಿಗೆ ಸಂವೇದನೆ ಇದೆಯೆಂದು ಒಪ್ಪಿತು, ಕೀಟಗಳನ್ನು ಸೇರಿಸಲಿಲ್ಲ. ಕಾನೂನು ನಿಂತಲ್ಲೇ ಮನಸ್ಸಾಕ್ಷಿ ನಿಲ್ಲಬೇಕಾಗಿಲ್ಲ. ಮರಿಗೆ ಹಾಕುವ ಮುನ್ನ ಒಂದು ದಿನವಾದರೂ ಹುಳುಗಳಿಗೆ ಒಳ್ಳೆಯ ಸೊಪ್ಪು, ಕ್ಯಾರೆಟ್ ತಿನ್ನಿಸಬೇಕೆಂದು ಸಾಕುವವರು ಹೇಳುತ್ತಾರೆ. ಆ ಪೋಷಣೆ ಮರಿಗೆ ಸೇರಲಿ ಎಂಬುದು ಅವರ ಕಾರಣ. ನನಗೆ ಅದು ಹುಳುವಿಗೇ ಸಲ್ಲಬೇಕಾದ ಕನಿಷ್ಠ ಮರ್ಯಾದೆ. ಡಬ್ಬಿಯಲ್ಲಿ ಹಸಿದು ಒಂದನ್ನೊಂದು ತಿನ್ನುವಂತೆ ಅವುಗಳನ್ನು ಬಿಡಬಾರದು. ಉಳಿದ ಚಿಮ್ಮಂಡೆಗಳನ್ನು ರಾತ್ರಿ ಪೆಟ್ಟಿಗೆಯಲ್ಲಿ ಬಿಡಬಾರದು, ಅವು ಮಲಗಿದ ಮರಿಯನ್ನೇ ಕಚ್ಚುತ್ತವೆ.

ನಿಜವಾದ ಆಯ್ಕೆ ಇರುವುದು ಅಂಗಡಿಯಲ್ಲಿ, ಕೊಳ್ಳುವ ಮುಂಚೆ. ಜೀವಂತ ಹುಳುಗಳ ಡಬ್ಬಿ ನಿಮ್ಮ ಅಡುಗೆಮನೆಯ ಪಕ್ಕ ವರ್ಷಗಟ್ಟಲೆ ಇರಬಲ್ಲುದೆ ಎಂದು ಮನೆಯ ಹಿರಿಯರನ್ನೂ ಮಗುವನ್ನೂ ಕೂರಿಸಿ ಕೇಳಿ. ಆಗದು ಎಂದರೆ ತರಬೇಡಿ, ಅದು ಗೌರವದ ನಿರ್ಧಾರ. ಈಗಾಗಲೇ ತಂದಿದ್ದರೆ ಬಹರೈನಿನ ಸಖೀರ್ ಮರಳುಗಾಡಿಗೆ ಬಿಟ್ಟು ಬರಬೇಡಿ. ಆ ನೆಲ ಅದರದಲ್ಲ. ಜರ್ಜೀರ್ ಸೊಪ್ಪಿನ ಜೊತೆ ಹುಳುವನ್ನೂ ಹಾಕಿ, ಇಲ್ಲವೇ ಹಾಕಬಲ್ಲ ಮನೆಗೆ ಕೊಡಿ.