ಹಿಟ್ಟಿನ ಹುಂಜದ ಲೆಕ್ಕ

ರಾಬಿನ್ ಹಾಬ್ ಅವರ ‘ಫೂಲ್ಸ್ ಎರಂಡ್’ (2001) ಕಾದಂಬರಿಯ ಫಿಟ್ಸ್, ಅರಮನೆಗಾಗಿ ಗುಟ್ಟಾಗಿ ಕೊಲೆ ಮಾಡುತ್ತಿದ್ದವನು. ಆ ಕೆಲಸ ಬಿಟ್ಟು, ಹೆಸರು ಬದಲಿಸಿಕೊಂಡು, ಸಾಕುಮಗ ಮತ್ತು ಒಂದು ಮುದಿ ತೋಳದ ಜೊತೆ ಊರಾಚೆ ದಿನ ದೂಡುತ್ತಿರುತ್ತಾನೆ. ಅಷ್ಟರಲ್ಲಿ ಕೊಲ್ಲುವ ವಿದ್ಯೆ ಕಲಿಸಿದ ಗುರುವೇ ಅವನನ್ನು ಮತ್ತೆ ಅರಮನೆಗೆ ಕರೆಯಲು ಹುಡುಕಿಕೊಂಡು ಬರುತ್ತಾನೆ. ಹೋಗುತ್ತಾನೋ, ಇಲ್ಲವೋ? ಓದುಗನ ಕುತೂಹಲವೆಲ್ಲ ಅಲ್ಲೇ.

ಹೊಯ್ಸಳರ ಕಾಲದ ಜೈನರ ಕೈಗೆ ಈ ಕತೆ ಸಿಕ್ಕಿದ್ದರೆ ಅವರು ಕೇಳುತ್ತಿದ್ದುದು ಬೇರೆಯೇ: ಕತ್ತಿ ಬಿಟ್ಟದ್ದು ಕೈಯೋ, ಮನಸ್ಸೋ?

ಈ ಪ್ರಶ್ನೆ ಅವರಿಗೆ ಯಾಕೆ ಏಳುತ್ತಿತ್ತೆಂದು ತಿಳಿಯಲು ಹಳೇಬೀಡಿಗೆ ಹೋಗಬೇಕು. ಅಲ್ಲಿ ಹೊಯ್ಸಳೇಶ್ವರ ಗುಡಿಯ ಜನಜಂಗುಳಿ ಬಿಟ್ಟು ಬಸ್ತಿಹಳ್ಳಿಗೆ ನಡೆದರೆ ಪಾರ್ಶ್ವನಾಥ ಬಸದಿ. ತಂದೆ ಗಂಗರಾಜನ ನೆನಪಿಗೆ ಬೊಪ್ಪ 1133ರಲ್ಲಿ ಕಟ್ಟಿಸಿದ್ದು. ಗಂಗರಾಜ ಹೊಯ್ಸಳ ಅರಸ ವಿಷ್ಣುವರ್ಧನನ ದಂಡನಾಯಕ, ಜಿನಭಕ್ತ. 1118ರಲ್ಲಿ ಕಣ್ಣೇಗಾಲದಲ್ಲಿ ಬೀಡುಬಿಟ್ಟಿದ್ದ ಚಾಲುಕ್ಯ ಸೇನೆಯ ಮೇಲೆ ಇರುಳಿನಲ್ಲಿ ಬಿದ್ದು ಗೆದ್ದವನು. ಮೆಚ್ಚಿದ ಅರಸ ಬೇಕಾದ್ದು ಕೇಳು ಅಂದಾಗ ಪರಮ ಎಂಬ ಗ್ರಾಮವನ್ನು ಪಡೆದ. ಅದನ್ನು ತಾಯಿ ಪೋಚಲದೇವಿ ಮತ್ತು ಹೆಂಡತಿ ಲಕ್ಷ್ಮೀದೇವಿ ಕಟ್ಟಿಸಿದ ಬಸದಿಗಳಿಗೆ ಬಿಟ್ಟುಕೊಟ್ಟ. ಈ ಗೆಲುವು, ದಾನ ಎರಡೂ ಶ್ರವಣಬೆಳಗೊಳದ ಶಾಸನದಲ್ಲಿವೆ.

ಅಹಿಂಸೆಯ ಧರ್ಮಕ್ಕೆ ಇರುಳ ದಾಳಿಯ ಸಂಪಾದನೆ! ಜೈನರಿಗೆ ಈ ಇಕ್ಕಟ್ಟು ಗೊತ್ತಿತ್ತು. ಅವರು ಹಿಂಸೆಯನ್ನು ನಾಲ್ಕಾಗಿ ವಿಂಗಡಿಸಿದರು. ಒಲೆ ಹಚ್ಚುವಾಗ, ಕಸ ಗುಡಿಸುವಾಗ ಆಗುವುದು ಆರಂಭಿ. ಕಸುಬಿನಲ್ಲಿ ಆಗುವುದು ಉದ್ಯೋಗಿ. ಮೇಲೆ ಬಿದ್ದವರನ್ನು ತಡೆಯುವಾಗ ಆಗುವುದು ವಿರೋಧಿ. ಕೊಲ್ಲಬೇಕೆಂದೇ ಕೊಲ್ಲುವುದು ಸಂಕಲ್ಪಿ. ಮುನಿಗೆ ನಾಲ್ಕೂ ವರ್ಜ್ಯ. ಸಂಸಾರಿ ಕೊನೆಯದನ್ನಂತೂ ಬಿಡಲೇಬೇಕು. ಗಂಗರಾಜ ಮೂರನೆಯದರ ಆಸರೆಯಲ್ಲಿ ಪಾರಾಗುತ್ತಾನೆ. ಅರಮನೆಗಾಗಿ ಗುಟ್ಟಾಗಿ ಕೊಲ್ಲುತ್ತಿದ್ದ ಫಿಟ್ಸ್‌ಗೆ ಆ ಆಸರೆ ಇಲ್ಲ.

ಈ ವಿಂಗಡಣೆ ದಂಡನಾಯಕರಿಗೆ ತುಸು ಅನುಕೂಲವೇ ಆಯಿತು ಅನ್ನಬೇಕು. ಅನುಕೂಲವನ್ನೆಲ್ಲ ಕಿತ್ತುಕೊಂಡವನು ಜನ್ನ. ಇಮ್ಮಡಿ ಬಲ್ಲಾಳನ ಆಸ್ಥಾನದ ಈ ಕವಿ 1209ರಲ್ಲಿ ‘ಯಶೋಧರ ಚರಿತೆ’ ಬರೆದ. ಹೆಂಡತಿ ಅಮೃತಮತಿ ಮಾವಟಿಗನೊಡನೆ ಇದ್ದುದನ್ನು ಅರಸ ಯಶೋಧರ ಕಣ್ಣಾರೆ ಕಂಡು ಕತ್ತಿ ಎತ್ತುತ್ತಾನೆ, ಹೇಸಿ ಇಳಿಸುತ್ತಾನೆ. ರಾಜ್ಯವನ್ನೇ ಬಿಡುವ ಮನಸ್ಸಾಗುತ್ತದೆ. ಕೆಟ್ಟ ಕನಸೆಂದು ತಾಯಿಗೆ ನೆಪ ಹೇಳಿದರೆ ಆಕೆ ದೇವಿಗೆ ಬಲಿ ಕೊಡು ಎಂದು ಹಟ ಹಿಡಿಯುತ್ತಾಳೆ. ಇವನು ಒಲ್ಲೆ ಅನ್ನುತ್ತಾನೆ. ಕೊನೆಗೆ ಹಿಟ್ಟಿನ ಹುಂಜಕ್ಕೆ ರಾಜಿಯಾಗುತ್ತದೆ. ಕತ್ತಿ ಬಿದ್ದೊಡನೆ ಅದು ಕೂಗುತ್ತದೆ.

ನಿಜವಾದ ಕೊಲೆಯಿಂದ ಹಿಂದೆ ಸರಿದವನನ್ನು ಮತ್ತೆ ಕರೆದದ್ದು ತಾಯಿಯ ಮಮತೆ. ಒಡೆಯನ ಆಜ್ಞೆಗಿಂತ ಅದನ್ನು ಮೀರುವುದು ಕಷ್ಟ. ರಕ್ತ ಹರಿಯಲಿಲ್ಲ, ಆದರೂ ತಾಯಿ ಮಗ ಇಬ್ಬರೂ ಸತ್ತ ಮೇಲೆ ಪ್ರಾಣಿಗಳಾಗಿ ಜನ್ಮದಿಂದ ಜನ್ಮಕ್ಕೆ ಅಲೆಯುತ್ತಾರೆ. ಮಗ ಮೊದಲು ನವಿಲು, ಕೊನೆಗೆ ಹುಂಜ. ಶಿಕ್ಷೆ ಅತಿಯಾಯಿತು ಅನ್ನಿಸಿದರೆ ತಪ್ಪಲ್ಲ. ಆದರೆ ಇದನ್ನು ಬರೆದವನು ಯುದ್ಧ ಕಾಣದ ಮುನಿಯಲ್ಲ. ಜನ್ನ ಹೊಯ್ಸಳರ ದಂಡಾಧೀಶನೂ ಆಗಿದ್ದ.