ಎರಡು ಬಾದಾಮಿ ಬಣ್ಣಗಳ ನಡುವೆ

ಮನಗೂಳಿಯಂತಹ ಊರಿನಲ್ಲಿ ಒಂದು ಕಾಲಕ್ಕೆ ಗೋಡೆಯ ಬಣ್ಣ ಚರ್ಚೆಯ ವಿಷಯವಾಗಿರಲಿಲ್ಲ. ಹಬ್ಬಕ್ಕೋ ಮದುವೆಗೋ ಮುನ್ನ ಸುಣ್ಣ ಬಳಿದರೆ ಮನೆ ಸಿದ್ಧವಾಗುತ್ತಿತ್ತು. ಈಗ ಅಂಗಡಿಯ ಯಂತ್ರವು ಬಿಳಿಯ ಬಣ್ಣಕ್ಕೆ ಹನಿಯ ಲೆಕ್ಕದಲ್ಲಿ ವರ್ಣಗಳನ್ನು ಬೆರೆಸಿ ಸಾವಿರಾರು ಛಾಯೆಗಳನ್ನು ಒದಗಿಸುತ್ತದೆ. ಹೊಸ ಸೊಸೆಗಾಗಿ ಸಜ್ಜುಗೊಳ್ಳುವ ಕೋಣೆಯೊಂದಕ್ಕೆ ಎರಡು ಬಾದಾಮಿ ಬಣ್ಣಗಳು ಆಯ್ಕೆಯಾಗಿ ಉಳಿದಿವೆಯೆಂದು ಭಾವಿಸೋಣ. ಒಂದರಲ್ಲಿ ಹಳದಿಯ ಸುಳಿವು, ಇನ್ನೊಂದರಲ್ಲಿ ಬೂದಿಯ ಸುಳಿವು. ಬೆಲೆ ಒಂದೇ, ಬಾಳಿಕೆ ಒಂದೇ. ಆದರೂ ಮನೆಯವರ ನಿರ್ಧಾರ ದಿನದಿಂದ ದಿನಕ್ಕೆ ಮುಂದೆ ಹೋಗುತ್ತದೆ.

ಈ ಇಕ್ಕಟ್ಟು ಹೊಸದಲ್ಲ. ಸರಿಸಮಾನವಾದ ಎರಡು ಖರ್ಜೂರಗಳ ಮುಂದೆ ನಿಂತ ಹಸಿದವನ ಉದಾಹರಣೆಯನ್ನು 11ನೆಯ ಶತಮಾನದ ಅಲ್ ಘಜಾಲಿ ಕೊಟ್ಟಿದ್ದಾನೆ. ಭೇದವಿಲ್ಲದಲ್ಲಿಯೂ ಒಂದನ್ನು ಎತ್ತಿಕೊಳ್ಳುವುದೇ ಇಚ್ಛಾಶಕ್ತಿಯ ಸ್ವಭಾವವೆಂಬುದು ಅವನ ವಾದ. ಯುರೋಪಿನವರು ಎರಡು ಹುಲ್ಲಿನ ರಾಶಿಗಳ ನಡುವೆ ಉಪವಾಸ ಸತ್ತ ಕತ್ತೆಯ ಕಥೆಯನ್ನು ಬುರಿದಾನನ ಹೆಸರಿಗೆ ಕಟ್ಟಿದರು. ಯಾವ ಕತ್ತೆಯೂ ಅಷ್ಟು ತರ್ಕ ಮಾಡಲಾರದು. ಅದು ಮನುಷ್ಯನಿಗೆ ಮಾತ್ರ ಸಾಧ್ಯ.

ಆದರೆ ಬಣ್ಣಗಳು ಖರ್ಜೂರಗಳಂತೆ ಸರಿಸಮಾನವಲ್ಲ. ನೆರೆಯ ವರ್ಣಕ್ಕೆ ತಕ್ಕಂತೆ ಬಣ್ಣದ ತೋರಿಕೆ ಬದಲಾಗುವುದನ್ನು ಫ್ರಾನ್ಸಿನ ಷೆವ್ರೋಲ್ 1839ರಲ್ಲಿಯೇ ಗ್ರಂಥರೂಪದಲ್ಲಿ ನಿರೂಪಿಸಿದನು. ಒಂದು ಬೆಳಕಿನಲ್ಲಿ ಒಂದೇ ಆಗಿ ಕಂಡ ಎರಡು ಬಣ್ಣಗಳು ಮತ್ತೊಂದು ಬೆಳಕಿನಲ್ಲಿ ಬೇರೆಯಾಗಿ ಕಾಣಬಹುದು. ಹಸಿಯಾಗಿದ್ದಾಗಿನ ಛಾಯೆ ಒಣಗಿದ ಮೇಲೆ ಉಳಿಯುವುದಿಲ್ಲ. ಆದ್ದರಿಂದ ಅಂಗೈಯಗಲದ ಕಾರ್ಡನ್ನು ನೋಡಿ ವಾದಿಸುವುದು ವ್ಯರ್ಥ. ಅದೇ ಗೋಡೆಯ ಮೇಲೆ ಎರಡೆರಡು ಅಡಿಯ ಚೌಕಗಳನ್ನು, ನಡುವೆ ಅಂತರವಿಟ್ಟು, ಎರಡು ಕೈ ಬಳಿಸಬೇಕು. ಒಣಗಿದ ಮೇಲೆ ಬೆಳಿಗ್ಗೆ, ಇಳಿಹೊತ್ತಿನಲ್ಲಿ, ರಾತ್ರಿ ದೀಪದಲ್ಲಿ ನೋಡಬೇಕು.

ತತ್ತ್ವಾರ್ಥಸೂತ್ರವು ಮತಿಜ್ಞಾನಕ್ಕೆ ಅವಗ್ರಹ, ಈಹಾ, ಅವಾಯ, ಧಾರಣಾ ಎಂಬ ನಾಲ್ಕು ಮೆಟ್ಟಿಲುಗಳನ್ನು ಹೇಳುತ್ತದೆ. ಸಂಶಯವು ಎರಡೂ ಕಡೆಗೆ ತೂಗಾಡಿದರೆ, ಈಹೆಯು ವಿಚಾರಿಸುತ್ತ ನಿಶ್ಚಯದ ಕಡೆಗೆ ಸಾಗುತ್ತದೆ. ಗೋಡೆಯ ಮೇಲಿನ ಚೌಕ ಈಹೆಯ ಕೆಲಸ. ಅದೆಲ್ಲ ಮುಗಿದ ಮೇಲೂ ಮತ್ತೊಂದು ಕಾರ್ಡು ತರಿಸುವುದು ಸಂಶಯದ ಕೆಲಸ, ಮತ್ತು ಅದರ ವೆಚ್ಚವನ್ನು ಮನೆಯ ಯಜಮಾನ ಕೊಡುವುದಿಲ್ಲ. ದಿನಗೂಲಿಯ ಪೇಂಟರ್ ಆ ಹೊತ್ತು ಬೇರೆ ಕೆಲಸ ಹಿಡಿಯದೆ, ಇಲ್ಲಿಯೂ ಕೂಲಿ ಸಿಗದೆ ಜಗಲಿಯ ಮೇಲೆ ಕುಳಿತಿರುತ್ತಾನೆ. ಅವನಿಗೆ ಅಂದಿನ ಕೂಲಿ ಕೊಟ್ಟು ಯೋಚಿಸುವವರು ಎಷ್ಟು ದಿನ ಬೇಕಾದರೂ ಯೋಚಿಸಲಿ.

ಒಣಗಿದ ಚೌಕಗಳೂ ತೀರ್ಪು ಕೊಡದಿದ್ದರೆ, ಆ ಕೋಣೆಯಲ್ಲಿ ಇನ್ನು ಮುಂದೆ ಇರಬೇಕಾದವಳನ್ನು ಒಂದು ಮಾತು ಕೇಳಬಹುದು. ಕಾರ್ಡು ಮಾವ, ಅತ್ತೆ, ಮೈದುನ, ಬಂದ ನೆಂಟರು ಎಲ್ಲರ ಕೈಗಳನ್ನೂ ಸುತ್ತಿ ಬಂದಿರುತ್ತದೆ. ಅವಳ ಕೈಗೆ ಮಾತ್ರ ತಲುಪಿರುವುದಿಲ್ಲ.