ನಲ್ಲಮಲದ ದಾರಿಯಲ್ಲಿ ಜಂಗಮ

ಯುಗಾದಿ ಹತ್ತಿರ ಬಂದಂತೆ ಬಾಗಲಕೋಟೆ, ವಿಜಯಪುರ, ಬೆಳಗಾವಿ, ರಾಯಚೂರು ಕಡೆಯ ಊರುಗಳಿಂದ ಜನ ಮಲ್ಲಯ್ಯನೆಂದು ಕರೆಯುವ ಮಲ್ಲಿಕಾರ್ಜುನನ ಕಂಬಿ ಹೊತ್ತು ಶ್ರೀಶೈಲಕ್ಕೆ ನಡೆದು ಹೊರಡುತ್ತಾರೆ. ಆತ್ಮಕೂರು ದಾಟಿ ವೆಂಕಟಾಪುರಕ್ಕೆ ಬಂದರೆ ಅಲ್ಲಿಂದಾಚೆ ನಲ್ಲಮಲದ ಕಾಡು. ನಾಗಲೂಟಿಯ ವೀರಭದ್ರನ ಗುಡಿ, ಪೆದ್ದಚೆರುವು, ಭೀಮನಕೊಳ್ಳ, ಕಡೆಗೆ ಕಲ್ಲುಮೆಟ್ಟಿಲು ಹತ್ತಿ ಕೈಲಾಸದ್ವಾರ. ಬಸ್ಸಿನ ರಸ್ತೆ ಇದ್ದೂ ಇವರು ಬೇಸಿಗೆಯ ಬಿಸಿಲಿನಲ್ಲಿ ಈ ಕಾಡುದಾರಿಯನ್ನೇ ಹಿಡಿಯುತ್ತಾರೆ.

ಶರಣರ ತತ್ತ್ವದಲ್ಲಿ ಈ ನಡಿಗೆಗೆ ಸಲೀಸಾದ ಸಮರ್ಥನೆ ಸಿಗುವುದಿಲ್ಲ. ತೀರ್ಥಯಾತ್ರೆಯಿಂದ ಪುಣ್ಯ ಬರುತ್ತದೆಂಬ ನಂಬಿಕೆಯನ್ನು 12ನೇ ಶತಮಾನದ ವಚನಕಾರರು ಕಟುವಾಗಿ ಪ್ರಶ್ನಿಸಿದರು. ಇಷ್ಟಲಿಂಗ ಅಂಗೈಯಲ್ಲೇ ಇರುವಾಗ ದೇವರನ್ನು ಹುಡುಕಿ ಬೆಟ್ಟ ಏರುವುದೇಕೆ? ಆದರೆ ಅಕ್ಕಮಹಾದೇವಿಯೂ ಅಲ್ಲಮಪ್ರಭುವೂ ಶ್ರೀಶೈಲದ ಕದಳಿವನದಲ್ಲಿ ಐಕ್ಯರಾದರು ಎಂದು ಹೇಳುವುದೂ ಅದೇ ಪರಂಪರೆ. ಈ ತೊಡಕು ಬಿಡಿಸಿಕೊಳ್ಳಲು ಜಂಗಮ ತತ್ತ್ವದ ಹತ್ತಿರ ಹೋಗಬೇಕು.

ಶರಣರು ಹೇಳುವ ಎಂಟು ಆವರಣಗಳಲ್ಲಿ, ಅಂದರೆ ಅಷ್ಟಾವರಣದಲ್ಲಿ, ಗುರು, ಲಿಂಗಗಳ ಬೆನ್ನಿಗೇ ಜಂಗಮ ಬರುತ್ತದೆ. ಇಂದು ಅದನ್ನು ಒಂದು ಸಮುದಾಯದ ಹೆಸರಾಗಿಯೇ ಹೆಚ್ಚು ಬಳಸುತ್ತೇವೆ. ತತ್ತ್ವವಾಗಿ ನೋಡಿದರೆ ಅದು ಯಾವುದಕ್ಕೂ ಅಂಟಿಕೊಳ್ಳದೆ ಚಲಿಸುವ ಶಿವಚೈತನ್ಯ. ನನ್ನದು, ನಾನು ಕಟ್ಟಿದ್ದು ಎಂದು ನೆಲೆಯೂರಿದ್ದೆಲ್ಲ ಸ್ಥಾವರ. ಹಾಗಾಗಿ ಕಾಲು ಆಡಿದ ಮಾತ್ರಕ್ಕೆ ಯಾರೂ ಜಂಗಮರಾಗುವುದಿಲ್ಲ. ಎಷ್ಟು ವರ್ಷ ನಡೆದೆ ಎಂಬ ಹಮ್ಮನ್ನು ಹೊತ್ತವನು ಶಿಖರ ಮುಟ್ಟಿದರೂ ಸ್ಥಾವರವೇ.

ಹಾಗಾದರೆ ನಡಿಗೆ ಏನು ಮಾಡುತ್ತದೆ? ನನ್ನ ದೃಷ್ಟಿಯಲ್ಲಿ ಉತ್ತರ ಇರುವುದು ಗರ್ಭಗುಡಿಗಿಂತ ಹೆಚ್ಚಾಗಿ ದಾರಿಬದಿಯ ದಾಸೋಹದಲ್ಲಿ. ಅಲ್ಲಲ್ಲಿ ಶಾಮಿಯಾನ ಹಾಕಿ ರೊಟ್ಟಿ, ಅನ್ನ, ಸಾರು, ಮಜ್ಜಿಗೆ ಇಟ್ಟುಕೊಂಡು ಜನ ಕಾಯುತ್ತಿರುತ್ತಾರೆ. “ಬರ್ರಿ ಯಪ್ಪಾ, ಒಂದೀಟು ಉಂಡು ಹೋಗ್ರಿ” ಎಂದು ಕೈಹಿಡಿದು ಕೂರಿಸುತ್ತಾರೆ. ಬೊಬ್ಬೆಯೆದ್ದ ಕಾಲಿಗೆ ಎಣ್ಣೆ ಹಚ್ಚಿ ತಿಕ್ಕುತ್ತಾರೆ. ದಾಸೋಹದಲ್ಲಿ ನೀಡುವವನು ತನ್ನನ್ನು ದಾಸನೆಂದು ತಿಳಿಯಬೇಕು, ಉಣ್ಣುವವನನ್ನು ಶಿವನೆಂದು ಕಾಣಬೇಕು. ನೀಡುವವನ ವಿನಯದ ಬಗ್ಗೆ ನಾವು ಬಹಳ ಮಾತಾಡಿದ್ದೇವೆ. ಪಡೆಯುವವನದು ಅದಕ್ಕಿಂತ ಕಠಿಣ ಸಾಧನೆ ಎಂದು ನನಗನಿಸುತ್ತದೆ. ಊರಲ್ಲಿ ಹತ್ತಾಳಿಗೆ ಕೂಲಿ ಕೊಡುವ ಜಮೀನುದಾರ ಇಲ್ಲಿ ದಣಿದು, ಹಸಿದು, ಗುರುತಿಲ್ಲದವರ ಮುಂದೆ ತಟ್ಟೆ ಒಡ್ಡಬೇಕು. ಅವನ ಹೊಲ, ಮನೆತನ ಯಾವುದನ್ನೂ ಕೇಳದೆ ಅವನನ್ನು ಶಿವನೆಂದು ನಮಸ್ಕರಿಸುತ್ತಾರೆ. ಅವನೊಳಗಿನ ಒಡೆಯ ಸಡಿಲಾಗುವುದು ಆಗ. ಮನಸ್ಸು ಹೊಸದಾಯಿತು ಎಂದು ನಡೆದವರು ಹೇಳುವಾಗ ಅದರ ಬೇರು ಇಲ್ಲಿದೆ ಎಂದು ನಂಬುತ್ತೇನೆ.

ದೇವರೊಂದಿಗಿನ ನಂಟೂ ಇಲ್ಲಿ ಬೇರೆ ತೆರನಾದದ್ದು. ಉತ್ತರ ಕರ್ನಾಟಕದವರಿಗೆ ಮಲ್ಲಯ್ಯನ ಮಡದಿ ಭ್ರಮರಾಂಬೆ ಮನೆಮಗಳು. ವರ ಬೇಡುವವರೂ ತವರಿನ ಸೀರೆ, ಕುಪ್ಪಸ, ಅರಿಸಿನ, ಕುಂಕುಮ ಹೊತ್ತೇ ಹೋಗುತ್ತಾರೆ.

ಊರಿಗೆ ಮರಳಿದ ಮೇಲೆ ಜಾತಿಯ ಗೆರೆ, ಹೊಲದ ಗಡಿಯ ಜಗಳ ಮತ್ತೆ ಎದುರಾಗುತ್ತವೆ. ನಡಿಗೆ ಅವನ್ನು ಅಳಿಸುತ್ತದೆ ಎನ್ನಲಾರೆ. ಆದರೆ ಒಂದು ವರ್ಷ ತಟ್ಟೆ ಒಡ್ಡಿದವರೇ ಮುಂದಿನ ವರ್ಷ ದಾಸೋಹಕ್ಕೆ ಜೋಳ, ಅಕ್ಕಿ ಕಟ್ಟಿ ಕಳಿಸುವುದುಂಟು. ರಜೆ ಹಾಕಿ ಬಂದು ಬಡಿಸಲು ನಿಲ್ಲುವವರೂ ಇದ್ದಾರೆ.